ಅವ್ವನ ತುತ್ತು

ಮೊಮ್ಮಗಳು ಉಣ್ಣುವುದನ್ನು ಕಂಡು ಹೆದರುವ ಕಾಲ ತನಗೆ ಬಂದೀತೆಂದು ಪೊನ್ನಮ್ಮಾಳ್ ಕನಸಿನಲ್ಲೂ ಎಣಿಸಿರಲಿಲ್ಲ.

ಐದು ವರ್ಷದ ಅಭಿರಾಮಿ ಅಡುಗೆಮನೆಯ ನೆಲದ ಮೇಲೆ ಕಾಲು ಮಡಿಸಿ ಕೂತಿದ್ದಳು. ತಟ್ಟೆಯಲ್ಲಿ ಮೊಚ್ಚೆಕಾಳಿನ ಸಾರು ಕಲಸಿದ ಅನ್ನ. ಹೊಟ್ಟೆ ಆಗಲೇ ತಮಟೆಯಂತೆ ಬಿಗಿದಿತ್ತು. ಕಣ್ಣಂಚಿನಲ್ಲಿ ನೀರು ನಿಂತಿತ್ತು. ಆದರೂ ಕೈ ತಟ್ಟೆಗೆ ಹೋಗಿ ಬಾಯಿಗೆ ಬರುವುದು ನಿಂತಿರಲಿಲ್ಲ. ಮಜ್ಜಿಗೆ ಬಡಿಸಲು ಬಗ್ಗಿದ ಪೊನ್ನಮ್ಮಾಳ್ ಕಿವಿಗೆ ಒಂದು ಪಿಸುಮಾತು ಬಿತ್ತು.

"ಇದು ಅಪ್ಪಂದು... ಇದು ಅಮ್ಮಂದು... ಇದು ಎಳಿಲ್ ಮಾಮಂದು... ಇದು ಕೆಂದೀದು..."

ಕೊನೆಯ ತುತ್ತನ್ನು ಕೈಯಲ್ಲಿ ಹಿಡಿದು ಅವಳು ಸ್ವಲ್ಪ ಹೊತ್ತು ಹಾಗೇ ನೋಡಿದಳು. ಗಂಟಲು ಬೇಡವೆನ್ನುತ್ತಿತ್ತು. "ಇದು ಅವ್ವಂದು" ಎಂದು ಕಣ್ಣು ಮುಚ್ಚಿ ನುಂಗಿದಳು. ನುಂಗಿದ ಮೇಲೆ ತಲೆಯೆತ್ತಿ ಪೊನ್ನಮ್ಮಾಳ್ ಮುಖವನ್ನೇ ನೋಡಿದಳು. ತಾನು ಅವ್ವ ಎಂದು ಕರೆಯುವ ಅಜ್ಜಿ ಇನ್ನೂ ನಿಂತೇ ಇದ್ದಾಳಾ ಎಂದು ತಪಾಸಣೆ ಮಾಡುವ ನೋಟ ಅದು.

ಆಮೇಲೆ ಹಿತ್ತಲಿಗೆ ಓಡಿ ಉಂಡದ್ದನ್ನೆಲ್ಲ ಕಕ್ಕಿದಳು. ಪೊನ್ನಮ್ಮಾಳ್ ಬೆನ್ನು ನೀವಿ, ಬಾಯಿ ತೊಳೆಸಿ, ಸೆರಗಿನಲ್ಲಿ ಮುಖ ಒರೆಸುತ್ತಿದ್ದಾಗ ಮಗು ಕೇಳಿತು.

"ಅವ್ವಾ, ಕಕ್ಕಿದ್ರೆ ಉಂಡಂಗೆ ಆಗಲ್ವಾ? ಎಲ್ಲಾರ್ದೂ ತಿರುಗಾ ಉಣ್ಬೇಕಾ?"

ಪೊನ್ನಮ್ಮಾಳ್ ಕೈ ಅಲ್ಲೇ ನಿಂತಿತು.

ತಮಿಳುನಾಡಿನ ಕಾಮಯಗೌಂಡನ್‌ಪಟ್ಟಿಯ ಆ ಕನ್ನಡ ಮಾತಿನ ಮನೆಯಲ್ಲಿ ಮಕ್ಕಳಿಗೆ ಉಣಿಸುವ ರೀತಿಯೇ ಅದು. ತಟ್ಟೆಯ ಅನ್ನವನ್ನು ಮನೆಮಂದಿಯ ಹೆಸರಿನಲ್ಲಿ ತುತ್ತು ಮಾಡುವುದು. ಅಪ್ಪನ ತುತ್ತು, ಅಮ್ಮನ ತುತ್ತು, ದೂರದ ಊರಿನ ಮಾಮನ ತುತ್ತು, ಕೊಟ್ಟಿಗೆಯ ಹಸುವಿನ ತುತ್ತು. ಮನೆಯ ಹಿರಿಯರದ್ದು ಕೊನೆಗೆ. ಮಗು ಮುಖ ತಿರುಗಿಸಿದರೆ, "ಅಯ್ಯೋ, ಮಾಮ ಅಲ್ಲಿ ಹಸ್ಕೊಂಡು ಬಾಡ್ಹೋಯ್ತಾನಲ್ಲಾ" ಎನ್ನುವುದು. ಪೊನ್ನಮ್ಮಾಳ್‌ಗೆ ಅವಳ ತಾಯಿ ಹಾಗೇ ಉಣಿಸಿದ್ದಳು. ಮಗ ಮೋಹನ್‌ರಾಜ್‌ಗೆ ಇವಳು ಹಾಗೇ ಉಣಿಸಿದಳು. ಯಾರಿಗೂ ಏನೂ ಆಗಿರಲಿಲ್ಲ. ಹುಟ್ಟುವಾಗ ಇಲಿಮರಿಯಷ್ಟೇ ಇದ್ದ ಅಭಿರಾಮಿಗಂತೂ ಹೆಸರಿಲ್ಲದ ತುತ್ತು ಗಂಟಲಲ್ಲಿ ಇಳಿಯುತ್ತಲೇ ಇರಲಿಲ್ಲ.

ಹೋದ ದ್ರಾಕ್ಷಿ ಕೊಯ್ಲಿನಲ್ಲಿ ಒಂದು ಮಧ್ಯಾಹ್ನ ಅವಳು ತಾತನ ತುತ್ತನ್ನು ಉಗುಳಿಬಿಟ್ಟಳು. ತಾತ ಅಯ್ಯನಾರ್ ತೋಟಕ್ಕೆ ಹೊರಟು ಬಾಗಿಲಲ್ಲಿ ತಲೆಗೆ ಟವಲ್ ಸುತ್ತುತ್ತಿದ್ದರು.

"ಬಿಡೇ, ಆ ಪುಳ್ಳೇನ ಯಾಕೆ ಹಿಂಡ್ತೀಯ? ನನ್ ಅನ್ನ ನಾನೇ ಉಂಡಿವ್ನಿ" ಎಂದು ನಕ್ಕರು.

"ನೀವು ಸುಮ್ನೆ ಹೋಗಿ" ಎಂದಳು ಪೊನ್ನಮ್ಮಾಳ್. ಮಗುವಿನ ಕಡೆ ತಿರುಗಿ, "ನೋಡು, ತಾತ ಬಾಡ್ಹೋಯ್ತಾರೆ. ಆಮ್ಯಾಕೆ ಅಳಬ್ಯಾಡ" ಎಂದಳು.

ಸಂಜೆಯಾಗುವ ಮೊದಲೇ ಅಯ್ಯನಾರನ್ನು ದ್ರಾಕ್ಷಿ ಚಪ್ಪರದ ಅಡಿಯಿಂದ ಆಳುಗಳು ಹೊತ್ತು ತಂದರು. ಎದೆಬಡಿತ ನಿಂತುಹೋಗಿತ್ತು. ಸಾವಿನ ಮನೆಯ ಗಲಾಟೆಯಲ್ಲಿ ಮಗು ಎಲ್ಲಿತ್ತು, ಏನು ನೋಡಿತು, ಏನು ಎಣಿಸಿತು, ಯಾರಿಗೂ ಗೊತ್ತಿಲ್ಲ.

ಅಂದಿನಿಂದ ಅಭಿರಾಮಿ ಹಟ ಮಾಡದೆ ಉಣ್ಣತೊಡಗಿದಳು. ಬಡಿಸಿದ್ದೆಲ್ಲ ಖಾಲಿ. ತುತ್ತಿಗೆ ಹೆಸರಿಡುವ ಕೆಲಸವೇ ಪೊನ್ನಮ್ಮಾಳ್‌ಗೆ ತಪ್ಪಿತು. ಪಕ್ಕದ ಮನೆಯ ಚಿನ್ನಮ್ಮಾಳ್ ಬೇಲಿಯಾಚೆಯಿಂದಲೇ ಕೇಳಿದಳು, "ಏನಕ್ಕಾ, ಮೊಮ್ಮಗಳ್ಗೆ ಏನ್ ಮರುಂದು ಕೊಟ್ಟೆ? ನಿನ್ ಸೊಸೆ ನೋಡಿದ್ರೆ ಒಣಕಡ್ಡಿ. ಇವಳಾದ್ರೂ ಮನೆ ಅನ್ನ ಕರಗಿಸ್ತಾವ್ಳೆ." ಪೊನ್ನಮ್ಮಾಳ್ ಆ ಮಾತಿಗೆ ಉಬ್ಬಿದ್ದಳು. ಸತ್ತ ಗಂಡನೇ ಮಗುವಿನ ಹೊಟ್ಟೆಯಲ್ಲಿ ಕೂತು ಉಣ್ಣುತ್ತಿದ್ದಾರೆ ಅಂತಲೂ ಒಂದು ಸಲ ಅಂದುಕೊಂಡಿದ್ದಳು. ಮೊನ್ನೆ ಶಾಲೆಯ ಟೀಚರ್ ಸೊಸೆಯನ್ನು ಕರೆಸಿ, ಮಧ್ಯಾಹ್ನ ಬೇರೆ ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನೂ ಇವಳು ಬಾಚಿ ಬಾಚಿ ತಿನ್ನುತ್ತಾಳೆ, ತಡೆದರೆ ಕಿರುಚುತ್ತಾಳೆ ಎಂದಾಗಲೂ, ಬೆಳೆಯುವ ಮಗು ಎಂದು ಸುಮ್ಮನಾಗಿದ್ದಳು.

ಈಗ ಎಲ್ಲ ತಿಳಿಯಿತು. ಮಗು ಉಣ್ಣುತ್ತಿರಲಿಲ್ಲ. ಎಲ್ಲರ ಜೀವಕ್ಕೆ ಕಾವಲು ಕಾಯುತ್ತಿತ್ತು.

ಸಾಯಂಕಾಲ ಮಗನಿಗೂ ಸೊಸೆಗೂ ಹೇಳಿದಳು. ಕಂಬಂನ ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದಿದ್ದ ನಿವೇತಾ ಕೈಚೀಲವನ್ನು ಕೆಳಗಿಡುವುದನ್ನೂ ಮರೆತು ನಿಂತಳು.

"ಅತ್ತೆ, ಅವಳು ಉಗುಳ್ದಾಗ ಮಾವ ಬಾಡ್ಹೋಯ್ತಾರೆ ಅಂತ ಹೇಳಿದ್ರಾ? ಅವತ್ತೇನಾ?"

"ಎಲ್ಲಾರ್ ಮನೇಲೂ ಹೇಳಾದೇ ಅಲ್ವಾ" ಎಂದ ಮೋಹನ್‌ರಾಜ್. "ನಂಗೂ ಅವ್ವ ಹಂಗೇ ಉಣ್ಸಿದ್ಳು. ನಾನೇನ್ ಕೆಟ್ನಾ?"

"ನೀವ್ ಉಗುಳ್ದ ದಿನ ಯಾರೂ ಸಾಯಲಿಲ್ಲ, ಅಷ್ಟೇ" ಎಂದಳು ನಿವೇತಾ.

ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಪೊನ್ನಮ್ಮಾಳ್ ಹೇಳಿದಳು: ತಾತನಿಗೆ ಎದೆನೋವಿತ್ತು, ಅದರಿಂದ ಹೋದರು, ನಿನ್ನಿಂದಲ್ಲ. ಅಭಿರಾಮಿ ತಲೆಯಾಡಿಸಿದಳು. ಬೆಳಿಗ್ಗೆ ಇಡ್ಲಿ ಮುಂದೆ ಕೂತಾಗ ಮತ್ತೆ ಅದೇ ಪಿಸುಮಾತು. ಬಡಿಸುವುದನ್ನು ಕಡಿಮೆ ಮಾಡಿ ನೋಡಿದರು. ಅದು ಇನ್ನೂ ಕೆಟ್ಟಿತು. "ಎಳಿಲ್ ಮಾಮಂದು ಎಲ್ಲಿ? ಮಾಮಂದು ಹಾಕ್ಲೇ ಇಲ್ಲ!" ಎಂದು ಅವಳು ಪಾತ್ರೆಗೆ ಕೈಹಾಕಿ, ಬರಿದಾದ ಪಾತ್ರೆಯ ತಳ ಕೆರೆಯುತ್ತಾ ಅತ್ತಳು. ನಿವೇತಾಳ ತಮ್ಮ ಎಳಿಲ್ ಬತ್ತಲಗುಂಡಿನಲ್ಲಿ ಹಣ್ಣಿನ ಲಾರಿ ಓಡಿಸುವವನು, ದಿನವೂ ಘಾಟ್ ರಸ್ತೆ ಹತ್ತಿ ಇಳಿಯುವವನು. ಮಗುವಿನ ಅಳು ಕೇಳಿ ನಿವೇತಾಳಿಗೇ ಒಂದು ಗಳಿಗೆ ಎದೆ ಝಲ್ಲೆಂದಿತು. ಅವಳು ಸ್ವಲ್ಪ ಹೊತ್ತಿನಲ್ಲೇ ಹಿತ್ತಲಿಗೆ ಹೋಗಿ ತಮ್ಮನಿಗೆ ಫೋನ್ ಮಾಡಿದ್ದು ಪೊನ್ನಮ್ಮಾಳ್‌ಗೆ ಕೇಳಿಸಿತು. ಈ ಭಯ ಅಂಟುವ ಜಾತಿಯದು ಎಂದು ಅವಳಿಗೆ ಅನ್ನಿಸಿತು.

ಕಂಬಂನ ಮಕ್ಕಳ ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ರೋಗ ಏನೂ ಇಲ್ಲ ಎಂದಳು. ನಡೆದದ್ದನ್ನೆಲ್ಲ ಕೇಳಿ, ಪೊನ್ನಮ್ಮಾಳ್ ಕೈಹಿಡಿದು ತಮಿಳಿನಲ್ಲಿ ಮೆಲ್ಲಗೆ ಹೇಳಿದಳು, "ಪಾಟ್ಟಿ, ಇನಿಮೇ ವಯಿರು ಸೊಲ್ಲಟ್ಟುಂ. ನೀಂಗ ಸೊಲ್ಲಾದೀಂಗ." ಅಜ್ಜೀ, ಇನ್ನು ಮೇಲೆ ಹೊಟ್ಟೆಯೇ ಹೇಳಲಿ, ನೀವು ಹೇಳಬೇಡಿ. ಹಸಿದರೆ ಉಣ್ಣಲಿ, ತುಂಬಿತೆನಿಸಿದರೆ ಬಿಡಲಿ. ಬಿಟ್ಟರೂ ಯಾರಿಗೂ ಏನೂ ಆಗುವುದಿಲ್ಲ ಎಂಬುದನ್ನು ಅವಳು ತನ್ನ ಕಣ್ಣಿನಿಂದ ನೋಡಬೇಕು, ಬೇರೆ ಮದ್ದಿಲ್ಲ.

ಬಸ್ಸಿನಲ್ಲಿ ಬರುವಾಗ ಪೊನ್ನಮ್ಮಾಳ್ ಅದನ್ನೇ ಯೋಚಿಸಿದಳು. ಹೊಟ್ಟೆ ಹೇಗೆ ಹೇಳುತ್ತದೆ? ಎಲ್ಲಿಂದ ಹೇಳುತ್ತದೆ? ಅವಳಿಗೇ ಗೊತ್ತಿರಲಿಲ್ಲ. ಮದುವೆಯಾಗಿ ಬಂದಂದಿನಿಂದ ಅವಳು ಎಲ್ಲರೂ ಉಂಡ ಮೇಲೆ ಉಣ್ಣುವವಳು. ಪಾತ್ರೆಯಲ್ಲಿ ಅನ್ನ ಮಿಕ್ಕಿದ್ದರೆ ಅಷ್ಟೂ ಉಣ್ಣುವುದು, ಮಿಗದಿದ್ದರೆ ನೀರು ಕುಡಿದು ಏಳುವುದು. ಸಾಕೋ ಸಾಲದೋ ಎಂದು ಪಾತ್ರೆ ಹೇಳುತ್ತಿತ್ತು. ಹೊಟ್ಟೆಯನ್ನು ಕೇಳಿದವರು ಯಾರು?

ಮನೆಗೆ ಬಂದವಳು ಮಗುವನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಹಸು ಕೆಂದಿ ಹಗ್ಗ ಎಳೆಯುತ್ತಾ ಕೂಗುತ್ತಿತ್ತು.

"ಅಭಿ, ಇಲ್ಲಿ ಕೈ ಇಡು" ಎಂದು ಹಸುವಿನ ಎಡ ಅಳ್ಳೆಯನ್ನು ತೋರಿಸಿದಳು. ಸೊಂಟದ ಮೂಳೆಗೂ ಪಕ್ಕೆಲುಬಿಗೂ ನಡುವೆ ಒಂದು ಗುಂಡಿ. ಮಗುವಿನ ಮುಷ್ಟಿ ಅದರಲ್ಲಿ ಸರಿಯಾಗಿ ಕೂತಿತು.

"ಗುಂಡಿ ಐತೆ, ಅವ್ವಾ."

"ಅದೇ ಅದರ ಹಸಿವು. ಈಗ ನೋಡು."

ಜೋಳದ ಮೇವು ಹಾಕಿದರು. ಅಜ್ಜಿ ಮೊಮ್ಮಗಳು ಇಬ್ಬರೂ ಕಲ್ಲಿನ ಮೇಲೆ ಕೂತು ಕಾದರು. ಗುಡ್ಡದ ಕಡೆಯ ಗಾಳಿ ಬೀಸಿ ಬೀಸಿ ನಿಂತಿತು. ಗುಂಡಿ ಮೆಲ್ಲಮೆಲ್ಲಗೆ ಮೇಲೆದ್ದು ಸಮ ಆಯಿತು. ಇನ್ನೂ ಒಂದು ಹಿಡಿ ಮೇವನ್ನು ಪೊನ್ನಮ್ಮಾಳ್ ಮೂತಿಗೆ ಹಿಡಿದಳು. ಕೆಂದಿ ಮೂಸಿ, ಮುಖ ತಿರುಗಿಸಿ, ಮಲಗಿ ಮೆಲುಕು ಹಾಕತೊಡಗಿತು.

ಅಭಿರಾಮಿ ಮುಖ ಬಿಳಿಚಿತು. "ಕೆಂದಿ ಬಿಟ್ಟುಬಿಡ್ತು. ಅದು ಯಾರ್ದು? ಕರೂದಾ? ಕರು ಸಾಯ್ತದಾ?"

"ಕರು ಅಗಾ, ಬಾಲ ಎತ್ಕೊಂಡು ಕುಣೀತಾ ಐತಲ್ಲೇ."

ಮಗು ಕರುವನ್ನು ಬಹಳ ಹೊತ್ತು ನೋಡಿತು. ನಂಬಿಕೆ ಬರಲಿಲ್ಲ. ಮಾರನೆಯ ಬೆಳಿಗ್ಗೆ ಎದ್ದವಳೇ ಕೊಟ್ಟಿಗೆಗೆ ಓಡಿ ಕರುವನ್ನು ಮುಟ್ಟಿ ಬಂದಳು. ಅದರ ಮರುದಿನವೂ ಹಾಗೇ. ಊಟಕ್ಕೆ ಕೂತಾಗ ಈಗ ತನ್ನ ಎಡಗೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. "ನಂಗೆ ಗುಂಡಿನೇ ಇಲ್ಲ, ಅವ್ವಾ." "ನಮ್ದು ಒಳಗೆ ಇರ್ತದೆ, ಚಾಮಿ. ಮೆಲ್ಲಗೆ ಉಂಡ್ರೆ ಗೊತ್ತಾಯ್ತದೆ." ಹಾಗೆ ಹೇಳುವಾಗ ಪೊನ್ನಮ್ಮಾಳ್‌ಗೆ ಒಳಗೊಳಗೇ ನಾಚಿಕೆ. ತನ್ನದು ಎಲ್ಲಿದೆಯೆಂದು ತನಗೇ ತಿಳಿಯದು.

ಒಂದು ದಿನ ಮಗು ಕೆಂದಿಯ ತುತ್ತನ್ನು ತಟ್ಟೆಯ ಅಂಚಿಗೆ ಸರಿಸಿತು. ಸರಿಸಿದ ಕೂಡಲೇ ಎದ್ದು ಕೊಟ್ಟಿಗೆಗೆ ಓಡಿತು. ಕೆಂದಿ ಮೆಲುಕು ಹಾಕುತ್ತಲೇ ಇತ್ತು. ಅಂದು ಮೊದಲ ಸಲ ಅವಳು ಕಕ್ಕಲಿಲ್ಲ. "ಬಯಮಾ ಇರುಂದುದು ಅವ್ವಾ" ಎಂದಳು ಮೆಲ್ಲಗೆ. ಹೆದರಿಕೆಯಾಗಿತ್ತು ಎಂಬ ಮಾತು ಅವಳಿಗೆ ಶಾಲೆಯ ತಮಿಳಿನಲ್ಲೇ ಬರುತ್ತಿತ್ತು.

ಆಮೇಲೆ ಆ ಭಾನುವಾರ ಬಂತು.

ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದರು, ಪೊನ್ನಮ್ಮಾಳ್ ಬಡಿಸುತ್ತಿದ್ದಳು. ಅಭಿರಾಮಿ ಎಡಗೈ ಹೊಟ್ಟೆಯ ಮೇಲಿಟ್ಟುಕೊಂಡು ಮೆಲ್ಲಗೆ ಉಣ್ಣುತ್ತಿದ್ದಳು. ತಟ್ಟೆಯಲ್ಲಿ ಒಂದೇ ತುತ್ತು ಉಳಿಯಿತು. ಅವಳ ಕೈ ಅದರ ಮೇಲೆ ನಿಂತಿತು.

"ಅವ್ವಾ, ಒಳಗೆ ಸಮ ಆಗೋಯ್ತು."

"ಸಮ ಆದ್ರೆ ಬಿಡು, ಚಾಮಿ."

"ಆದ್ರೆ ಇದು ನಿಂದು."

ಮೋಹನ್‌ರಾಜ್ ಅನ್ನ ಕಲಸುತ್ತಿದ್ದ ಕೈಯನ್ನು ನಿಲ್ಲಿಸಿದ. ನಿವೇತಾ ತಲೆ ಎತ್ತಲಿಲ್ಲ. ಪೊನ್ನಮ್ಮಾಳ್ ನಕ್ಕಳು. "ನಂದಾದ್ರೆ ಏನು? ಬಿಡು. ನಾನು ಎಲ್ಲಿಗೂ ಹೋಗಾಕಿಲ್ಲ."

ಮಗು ಕೈ ತೊಳೆಯಿತು. ತುತ್ತು ತಟ್ಟೆಯಲ್ಲೇ ಉಳಿಯಿತು. ಪೊನ್ನಮ್ಮಾಳ್ ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಪಕ್ಕಕ್ಕೆ ಇಟ್ಟಳು.

ಭಯ ಶುರುವಾದದ್ದು ಅಲ್ಲಿಂದ. ಸಾವಿಗೆ ಅವಳು ಹೆದರಿದವಳಲ್ಲ. ಅಯ್ಯನಾರ್ ಹೋದ ಮೇಲೆ, ಬಂದರೆ ಬರಲಿ ಎಂದೇ ಇದ್ದಳು. ಆದರೆ ಇವತ್ತು ಬೇಡ. ಇವತ್ತು ತಾನು ಬಿದ್ದರೆ ಈ ಮಗು ಬದುಕಿರುವ ತನಕ ಊರಿನ ಅನ್ನವನ್ನೆಲ್ಲ ನುಂಗುತ್ತಾ ಕಾವಲು ಕಾಯುತ್ತದೆ. ಯಾವ ಡಾಕ್ಟರೂ ಅದನ್ನು ಬಿಡಿಸಲಾರ. ಎಪ್ಪತ್ತರ ಹತ್ತಿರದ ಈ ದೇಹ ಇವತ್ತೊಂದು ದಿನ ನಿಂತರೆ ಸಾಕು.

ಹಿತ್ತಲಿನ ಪಾಚಿ ಕಟ್ಟಿದ ಕಲ್ಲನ್ನು ಬಳಸಿಕೊಂಡು ನಡೆದಳು. ಅಟ್ಟದ ಮೇಲಿನ ಮೆಣಸಿನಕಾಯಿ ಬೇಕಿತ್ತು, ಏಣಿ ಹತ್ತಲಿಲ್ಲ. ಒಂದು ತೇಗು ಬಂದರೆ ಎದೆಯನ್ನು ಹಿಡಿದು ನಿಂತಳು. ಹಿಂದೆಯೇ ಅಭಿರಾಮಿ. ಅವ್ವ ನೀರು ಸೇದಿದರೆ ಅಲ್ಲಿ, ಅವ್ವ ಕಸ ಗುಡಿಸಿದರೆ ಇಲ್ಲಿ. ಸ್ವಲ್ಪ ಒರಗೋಣವೆಂದು ಚಾಪೆಯ ಮೇಲೆ ಮಲಗಿದರೆ ಮಗು ಪಕ್ಕದಲ್ಲಿ ಕೂತು ಅವಳ ಎದೆ ಏರಿಳಿಯುವುದನ್ನೇ ನೋಡಿತು. ಕಣ್ಣು ಮುಚ್ಚಲು ಪೊನ್ನಮ್ಮಾಳ್‌ಗೆ ಧೈರ್ಯ ಬರಲಿಲ್ಲ.

"ನಿದ್ದೆ ಮಾಡು, ಚಾಮಿ."

"ನೀನ್ ಮಾಡ್ಬ್ಯಾಡ, ಅವ್ವಾ."

ಹೊತ್ತು ಇಳಿಯಿತು. ಮೋಹನ್‌ರಾಜ್ ತೋಟಕ್ಕೆ ಹೋಗಿದ್ದ. ನಿವೇತಾ ರವಿಕೆಗೆ ಅಳತೆ ಕೊಡಲು ಚಿನ್ನಮ್ಮಾಳ್ ಮನೆಗೆ ಹೋಗಿದ್ದಳು. ಕೆಂದಿ ಕೂಗಿತು. ಪೊನ್ನಮ್ಮಾಳ್ ಮೇವಿನ ಕಟ್ಟನ್ನು ಎತ್ತಿಕೊಂಡು ಕೊಟ್ಟಿಗೆಯ ಹೊಸ್ತಿಲು ದಾಟಿದಳು.

ಆಗ ಮೊಣಕಾಲು ಸಡಿಲವಾಯಿತು.

ಆಮೇಲೆ ಕೈ ನಡುಗಿತು. ಹಣೆಯ ಮೇಲೆ ತಣ್ಣನೆಯ ಬೆವರು. ಕೊಟ್ಟಿಗೆಯ ಕಂಬ ದೂರ ಸರಿದಂತಾಗಿ, ಕಿವಿಯಲ್ಲಿ ನೊಣ ಗುಯ್‌ಗುಟ್ಟಿದಂತೆ ಸದ್ದು. ಮೇವು ಕೈಯಿಂದ ಜಾರಿತು. ಗೋಡೆ ಹಿಡಿದು ಹಾಗೇ ನೆಲಕ್ಕೆ ಕುಸಿದು ಕೂತಳು. ಬಂದೇಬಿಟ್ಟಿತು ಎಂದುಕೊಂಡಳು. ಎಲ್ಲ ಬಿಟ್ಟು ಇವತ್ತೇ ಬಂದಿತಲ್ಲ, ಈ ಮಗುವಿನ ಕಣ್ಣೆದುರಿಗೇ.

ಅಭಿರಾಮಿ ಕಿರುಚಲಿಲ್ಲ. ತಿರುಗಿ ಒಳಗೆ ಓಡಿದಳು. ಅಡುಗೆಮನೆಯಲ್ಲಿ ತಟ್ಟೆ ಬಿದ್ದ ಸದ್ದು ಕೇಳಿಸಿತು. ಮರುಗಳಿಗೆ, ಮುಚ್ಚಿಟ್ಟಿದ್ದ ತುತ್ತನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಓಡಿ ಬಂದಳು. ಬಂದವಳು ಅದನ್ನು ತನ್ನ ಬಾಯಿಗೆ ತುರುಕಿಕೊಳ್ಳತೊಡಗಿದಳು.

"ನಾನು ಉಣ್ತೀನಿ ಅವ್ವಾ, ಪೂರ್ತಿ ಉಣ್ತೀನಿ, ಹೋಗ್ಬ್ಯಾಡ, ಹೋಗ್ಬ್ಯಾಡ..."

ಪೊನ್ನಮ್ಮಾಳ್ ಏನೋ ಹೇಳಲು ಹೊರಟಳು. ನಾಲಿಗೆ ತಿರುಗಲಿಲ್ಲ. ಕಣ್ಣೆದುರಿಗೆ ಕೆಂದಿ ನಿಂತಿತ್ತು. ಅದರ ಎಡ ಅಳ್ಳೆ ಗುಳಿಬಿದ್ದು, ಮೇವು ಬೇಕೆಂದು ಅದು ಹಗ್ಗ ಜಗ್ಗುತ್ತಿತ್ತು. ಆ ಗುಂಡಿಯನ್ನೇ ನೋಡುತ್ತಾ ಪೊನ್ನಮ್ಮಾಳ್ ಕೈ ತಾನಾಗಿಯೇ ತನ್ನ ಪಕ್ಕೆಯ ಕೆಳಗೆ ಹೋಯಿತು. ಅಲ್ಲಿ ಖಾಲಿ. ಬೆನ್ನಿಗೆ ಅಂಟಿಕೊಂಡಷ್ಟು ಖಾಲಿ. ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದಿದ್ದಳು. ಮಧ್ಯಾಹ್ನ ಎಲ್ಲರಿಗೂ ಬಡಿಸಿದ್ದಳು. ತಾನು ಉಣ್ಣುವ ಹೊತ್ತಿಗೆ ಆ ತುತ್ತಿನ ಭಯದಲ್ಲಿ ಪಾತ್ರೆಯ ಕಡೆ ತಿರುಗಿಯೂ ನೋಡಿರಲಿಲ್ಲ.

ಎದೆಯಲ್ಲಿ ನೋವಿರಲಿಲ್ಲ. ಉಸಿರು ಬರುತ್ತಿತ್ತು. ಇದು ಹಸಿವು.

ಕೈ ಚಾಚಿ ಮಗುವಿನ ಮಣಿಕಟ್ಟನ್ನು ಹಿಡಿದಳು. ಹಿಡಿತದಲ್ಲಿ ಬಲವಿರಲಿಲ್ಲ, ಆದರೂ ಬಿಡಲಿಲ್ಲ.

"ಉಗುಳು."

"ಬ್ಯಾಡ ಅವ್ವಾ..."

"ಉಗುಳು, ಅಭಿ. ಅದು ನಂದು. ನೀನ್ ಉಂಡ್ರೆ ನನ್ ಹೊಟ್ಟೆ ಹೆಂಗೆ ತುಂಬ್ತದೆ? ನಂಗೆ ಹಸಿವಾಯ್ತಾ ಐತೆ. ನನ್ ತುತ್ತು ನನ್ಗೆ ಕೊಡು."

ಮಗು ಬೆಪ್ಪಾಗಿ ನೋಡಿತು. ಬಾಯಲ್ಲಿದ್ದದ್ದನ್ನು ನೆಲಕ್ಕೆ ಉಗುಳಿ, ಕೈಯಲ್ಲಿ ಉಳಿದಿದ್ದನ್ನು ಚಾಚಿತು. ಪೊನ್ನಮ್ಮಾಳ್ ಆ ಪುಟ್ಟ ಕೈಯಿಂದಲೇ ಅನ್ನವನ್ನು ಬಾಯಿಗೆ ತೆಗೆದುಕೊಂಡಳು. ಆರಿ ಗಟ್ಟಿಯಾದ ಅನ್ನ. ಅಗಿದಳು. ನುಂಗಿದಳು. "ಇನ್ನೂ ಬೇಕು. ಒಳಗೆ ಪಾತ್ರೇಲೈತೆ, ತಾ. ಮಜ್ಜಿಗೆ ಹಾಕ್ಕೊಂಡು ಬಾ."

ಅಭಿರಾಮಿ ಓಡಿದಳು. ಅರ್ಧ ನೆಲಕ್ಕೆ ಚೆಲ್ಲುತ್ತಾ ಒಂದು ಬಟ್ಟಲು ಮಜ್ಜಿಗೆ ಅನ್ನ ತಂದಳು. ಕೊಟ್ಟಿಗೆಯ ನೆಲದಲ್ಲಿ, ಗೋಡೆಗೆ ಒರಗಿ, ಮೊಮ್ಮಗಳು ಹಿಡಿದ ಬಟ್ಟಲಿನಿಂದ ಪೊನ್ನಮ್ಮಾಳ್ ಉಂಡಳು. ಮಗು ಅವಳ ಪಕ್ಕೆಯ ಮೇಲೆ ಕೈ ಇಟ್ಟುಕೊಂಡೇ ಇತ್ತು. ನಡುಕ ಮೊದಲು ಬೆರಳಿನಿಂದ ಹೋಯಿತು, ಆಮೇಲೆ ಮೊಣಕಾಲಿನಿಂದ. ಕಿವಿಯ ಸದ್ದು ನಿಂತಿತು.

"ಇನ್ನೂ ಗುಂಡಿ ಐತೆ, ಅವ್ವಾ. ಉಣ್ಣು."

ಉಂಡಳು. ಮೆಲ್ಲಗೆ, ತುತ್ತಿಗೊಂದು ಸಲ ನಿಂತು, ಒಳಗೆ ಕಿವಿಗೊಟ್ಟು. ಬಟ್ಟಲಿನಲ್ಲಿ ಇನ್ನೂ ಒಂದು ಹಿಡಿ ಉಳಿದಿದ್ದಾಗ, ಎಲ್ಲಿಂದಲೋ, ಯಾರೋ ಬಾಗಿಲನ್ನು ಮೆತ್ತಗೆ ಮುಚ್ಚಿದಂತೆ ಒಂದು ತಡೆ ಬಂತು. ಅವಳು ಕೈ ಹಿಂದೆಗೆದಳು.

"ಸಾಕು" ಎಂದಳು. ಪಾತ್ರೆಯಲ್ಲಿ ಅನ್ನ ಮಿಕ್ಕಿರುವಾಗ ಆ ಮಾತು ಅವಳ ಬಾಯಿಂದ ಎಂದೂ ಬಂದಿರಲಿಲ್ಲ.

ಅಭಿರಾಮಿ ಬಟ್ಟಲನ್ನೂ ಅವ್ವನ ಮುಖವನ್ನೂ ನೋಡಿದಳು. "ನೀನೂ ಬಿಟ್ಯಾ? ಅದು ಯಾರ್ದು?"

"ಯಾರ್ದೂ ಅಲ್ಲ. ಅದು ಅನ್ನ. ಕರೂಗೆ ಇಡು."

ನಿವೇತಾ ಬಂದಾಗ ಅತ್ತೆ ಕೊಟ್ಟಿಗೆಯ ನೆಲದಲ್ಲಿ ಕೂತಿದ್ದನ್ನು ಕಂಡು ಬೊಬ್ಬೆ ಹೊಡೆದಳು. "ಏನಾಯ್ತು ಅತ್ತೆ?"

"ಏನಿಲ್ಲ. ಹಸಿವಾಗಿತ್ತು" ಎಂದಳು ಪೊನ್ನಮ್ಮಾಳ್.

ಮರುದಿನ ಬೆಳಿಗ್ಗೆ ಪೊನ್ನಮ್ಮಾಳ್ ಕಣ್ಣು ಬಿಟ್ಟಾಗ ಪುಟ್ಟ ಬೆರಳೊಂದು ಅವಳ ಮೂಗಿನ ಕೆಳಗೆ ಉಸಿರು ನೋಡುತ್ತಿತ್ತು. ಅವಳು ಬೈಯಲಿಲ್ಲ. ಬಿಸಿಯಾಗಿ ಉಸಿರು ಬಿಟ್ಟು ತೋರಿಸಿದಳು.

ಅಂದು ಮಗುವನ್ನು ಶಾಲೆಗೆ ಕಳಿಸಲಿಲ್ಲ. ಮಧ್ಯಾಹ್ನ ಅಭಿರಾಮಿ ಎರಡು ತುತ್ತು ಬಿಟ್ಟಳು. ಒಂದು ಅವ್ವಂದು. ಅದನ್ನು ಅವ್ವನ ಕಡೆ ಸರಿಸಿ, "ನಿಂದು ನೀನೇ ಉಣ್ಣು" ಎಂದಳು. ಇನ್ನೊಂದು ಎಳಿಲ್ ಮಾಮಂದು, ಅದನ್ನು ನೋಡುತ್ತಾ ಕೂತವಳ ತುಟಿ ಅದುರಿತು.

"ಅವ್ವಾ, ಬತ್ತಲಗುಂಡಿಗೆ ಫೋನ್ ಹಾಕು."

ಪೊನ್ನಮ್ಮಾಳ್ ಹಾಕಿದಳು. ರಿಂಗಾಯಿತು. ಮತ್ತೆ ಮತ್ತೆ ರಿಂಗಾಯಿತು. ಯಾರೂ ಎತ್ತಲಿಲ್ಲ. ಮಗುವಿನ ಕೈ ತಟ್ಟೆಯ ಕಡೆಗೆ ಹೊರಟಿತು. ಪೊನ್ನಮ್ಮಾಳ್ ಕಣ್ಣಿಗೆ ಘಾಟ್ ರಸ್ತೆಯ ತಿರುವುಗಳು ಬಂದವು. ಮಗುವಿನ ಕೈಯನ್ನು ತನ್ನ ಕೈಯಲ್ಲಿ ಬಿಗಿಹಿಡಿದು ಮತ್ತೆ ಹಾಕಿದಳು. ರಿಂಗಾಗುತ್ತಲೇ ಇತ್ತು, ಕಟ್ಟಾಗುವ ಹೊತ್ತಿಗೆ ಅತ್ತ ಕಡೆಯಿಂದ ಲಾರಿಯ ಸದ್ದು. ಮಗು "ಮಾಮಾ!" ಎಂದು ಕೂಗಿದ್ದಕ್ಕೆ ಬಾಯಿತುಂಬ ಏನೋ ಇಟ್ಟುಕೊಂಡವನ ದನಿ.

"ಏನ್ ಪುಳ್ಳೆ? ಏನ್ ಅವಸರ ನಿಂಗೆ? ಪರೋಟಾ ಗಂಟ್ಲಲ್ಲಿ ಸಿಕ್ಕೊಂತದೆ!"

ಅಭಿರಾಮಿ ಫೋನನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

"ಮಾಮಾ, ಉಣ್ತಾ ಇದ್ದೀಯಾ?"

"ಉಣ್ತಾನೇ ಇದ್ದೀನಿ. ಯಾಕೆ?"

"ಏನಿಲ್ಲ" ಎಂದಳು. ಫೋನನ್ನು ಕಿವಿಯಿಂದ ತೆಗೆಯದೆ, ಅವನು ಅಗಿಯುವ ಸದ್ದನ್ನು ಕೇಳುತ್ತಾ, ತಟ್ಟೆಯನ್ನು ಒಂದು ಕೈಯಿಂದ ಮೆಲ್ಲಗೆ ದೂರ ಸರಿಸಿದಳು.